ನೆಟ್ಟಗೆ ಕಡಿದ ಮಣ್ಣು

ನಮ್ಮ ಮನೆತನದಲ್ಲಿ ಮಣ್ಣು ಅಗೆಯದೆ ಅನ್ನ ತಿಂದ ಮೊದಲ ಗಂಡಸು ನನ್ನ ಮಗ ಎಂದು ಅಪ್ಪ ಬಂದವರಿಗೆಲ್ಲ ಹೇಳುತ್ತಿದ್ದರು. ಹೆಮ್ಮೆಯಿಂದಲೋ ಬೇಸರದಿಂದಲೋ, ನನಗೆ ಇವತ್ತಿಗೂ ಗೊತ್ತಾಗಿಲ್ಲ. ಕೊಡಿಗೇಹಳ್ಳಿಯಲ್ಲಿ ನಮಗೆ ದ್ರಾಕ್ಷಿ ತೋಟವಿತ್ತು. ನಾನು ಹೈಸ್ಕೂಲಿಗೆ ಬರುವ ಹೊತ್ತಿಗೆ ತೋಟ ಸೈಟುಗಳಾಗಿತ್ತು, ಕಾಲೇಜಿಗೆ ಬರುವ ಹೊತ್ತಿಗೆ ಸೈಟುಗಳ ಮೇಲೆ ಮನೆಗಳೆದ್ದಿದ್ದವು. ಗುದ್ದಲಿ ಹಿಡಿಯುವ ಸಂದರ್ಭವೇ ಬರಲಿಲ್ಲ. ಅದನ್ನು ನನ್ನ ಕೈಗೆ ಕೊಟ್ಟಿದ್ದು ಸೈನ್ಯ. ಅಧಿಕಾರಿಯಾಗಲು ಹೋದವನ ಕೈಯಲ್ಲಿ ಮೊದಲ ತಿಂಗಳೇ ಒಂದು ಗುಂಡಿ ತೋಡಿಸಿದರು, ಮುಚ್ಚಿಸಿದರು, ಪಕ್ಕದಲ್ಲೇ ಇನ್ನೊಂದು ತೋಡಿಸಿದರು. ರಜೆಗೆ ಬಂದಾಗ ಅಂಗೈಯ ಬೊಬ್ಬೆಗಳನ್ನು ಅಪ್ಪ ತಿರುಗಿಸಿ ತಿರುಗಿಸಿ ನೋಡಿದರು.

"ಇದುಕ್ಕೇನ್ಲಾ ನಿನ್ನ ಡಿಗ್ರಿ ಓದ್ಸಿದ್ದು?" ಎಂದರು. ಆಮೇಲೆ, "ಕಾವು ಇಡಿಯೋದು ತಪ್ಪು ನೀನು. ಅದುಕ್ಕೇ ಬೊಬ್ಬೆ" ಎಂದು ಹಿತ್ತಲಿನಿಂದ ಹಳೆಯ ಗುದ್ದಲಿಯೊಂದನ್ನು ತಂದು ಅದರ ಮರದ ಕಾವನ್ನು ಹಿಡಿಯುವುದನ್ನು ತೋರಿಸಿಕೊಟ್ಟರು.

ನಾನು ಮೇಜರ್ ಆಗಿ, ಒಂದು ಕಂಪನಿಯ ನೂರಕ್ಕೂ ಮಿಕ್ಕ ಜನರೊಂದಿಗೆ ಗಡಿಯ ಬೆಟ್ಟವೊಂದರ ಮೇಲೆ ಕೂತಿದ್ದ ವರ್ಷದ ಮಾತು ಇದು. ಕಂದಕದ ಯುದ್ಧ ಎಂದರೆ ಹಳೆಯ ಕಪ್ಪು ಬಿಳುಪು ಫೋಟೋಗಳ ವಿಷಯ ಎಂದು ಜನ ತಿಳಿದಿರುತ್ತಾರೆ. ನಾನೂ ಹಾಗೆಯೇ ತಿಳಿದಿದ್ದೆ. ಆಕಾಶದಲ್ಲಿ ನಿಂತು ನಮ್ಮ ತಲೆಗೂದಲು ಎಣಿಸಬಲ್ಲ ಯಂತ್ರಗಳು ಬಂದಿವೆ, ನಿಜ. ಆದರೆ ಆ ತಲೆಯನ್ನು ಉಳಿಸಿಕೊಳ್ಳಲು ನಮಗಿದ್ದ ಉಪಾಯ ಮಾತ್ರ ಗುಂಡಿಯೊಂದೇ. ನಮ್ಮ ಹುಡುಗರು ಅದನ್ನು ಮೋರ್ಚಾ ಎನ್ನುತ್ತಿದ್ದರು. ಬೆಟ್ಟದ ನೆತ್ತಿಯುದ್ದಕ್ಕೂ ಹಾವಿನಂತೆ ಸುತ್ತಿಕೊಂಡು ಹೋದ, ಎರಡು ಅಡಿ ಅಗಲದ, ಐದೂವರೆ ಅಡಿ ಆಳದ ಕಾಲುವೆ. ಅಲ್ಲಲ್ಲಿ ತಗಡು, ಮರದ ದಿಮ್ಮಿ, ಮಣ್ಣಿನ ಮೂಟೆ ಹೊದ್ದ ಗೂಡುಗಳು. ನಾನು ಆರಡಿ ಎತ್ತರದವನು. ಬೆನ್ನು ಬಗ್ಗಿಸಿ ನಡೆದೂ ನಡೆದೂ ಒಂದು ತಿಂಗಳಲ್ಲಿ ನನ್ನ ನಡಿಗೆ ನಮ್ಮಜ್ಜಿಯದರ ಹಾಗೆ ಆಗಿತ್ತು.

ಎದುರಿನವರು ನಾನೂರು ಮೀಟರು ಆಚೆ, ಇಂಥದ್ದೇ ಗುಂಡಿಗಳಲ್ಲಿದ್ದರು. ಏಳು ತಿಂಗಳಲ್ಲಿ ನಾನು ಅವರ ಪೈಕಿ ಸರಿಯಾಗಿ ನೋಡಿದ್ದು ಒಬ್ಬನನ್ನು ಮಾತ್ರ. ದಪ್ಪಗಿದ್ದ. ಬೆಳಿಗ್ಗೆ ಒಂದು ಬಂಡೆಯ ಮರೆಯಲ್ಲಿ ನಿಂತು ಹಲ್ಲುಜ್ಜುತ್ತಿದ್ದ. ಬಂಡೆ ಅವನನ್ನು ಪೂರ್ತಿ ಮರೆಮಾಡುತ್ತದೆ ಎಂದು ಅವನು ನಂಬಿದ್ದ, ನಮ್ಮ ದೂರದರ್ಶಕಕ್ಕೆ ಅವನ ಹೊಟ್ಟೆ ಕಾಣುತ್ತಿತ್ತು. ಆ ದಿನಗಳಲ್ಲಿ ಗುಂಡು ಹಾರಿಸಬಾರದೆಂಬ ಒಪ್ಪಂದವಿತ್ತು, ಹಾಗಾಗಿ ನೋಡುತ್ತಿದ್ದೆವು. ಎರಡು ದಿನ ಅವನು ಕಾಣದಿದ್ದಾಗ ಕಾವಲಿನ ಹುಡುಗ ಬಂದು, "ಸಾಬ್, ಹಲ್ಲಿನವನು ಬಂದಿಲ್ಲ" ಎಂದು ವರದಿ ಮಾಡಿದ. ಶತ್ರುವಿನ ಚಲನವಲನದ ಪುಸ್ತಕದಲ್ಲಿ ಇದನ್ನು ಬರೆಯಬೇಕೋ ಬೇಡವೋ ಎಂದು ನಾನು ಮತ್ತು ನಮ್ಮ ಕಂಪನಿಯ ಸುಬೇದಾರರು ಸ್ವಲ್ಪ ಹೊತ್ತು ಯೋಚಿಸಿದೆವು. ಮೂರನೆಯ ದಿನ ಅವನು ಬಂದ. ಎಲ್ಲರಿಗೂ ಸಮಾಧಾನವಾಯಿತು.

ಭಾನುವಾರ ಮನೆಗೆ ಫೋನು ಮಾಡಲು ನಮಗೆ ಕೆಲವು ನಿಮಿಷ ಸಿಗುತ್ತಿತ್ತು. ಅಮ್ಮ ಊಟದ ವಿಷಯ ಕೇಳುವರು. ಅಪ್ಪ ಶತ್ರುವಿನ ವಿಷಯ ಒಮ್ಮೆಯೂ ಕೇಳಲಿಲ್ಲ. ಚಳಿಗಾಲ ಮುಗಿಯುತ್ತಾ ಬಂದಾಗ ಒಂದು ಭಾನುವಾರ, ಹಿಮ ಕರಗಿ ಕಂದಕದೊಳಗೆ ನೀರು ಇಳಿಯುತ್ತಿದೆ ಎಂದು ಮಾತಿಗೆ ಹೇಳಿದೆ. ಅಪ್ಪನ ದನಿ ಬದಲಾಯಿತು. ಅವರು ಯೌವನದಲ್ಲಿ ಸುತ್ತಮುತ್ತಲ ತೋಟಗಳಿಗೆ ಬಾವಿ ತೋಡಿದವರು.

"ಮಣ್ಣು ಎಂಥದ್ದು?"

"ಕಂದು ಮಣ್ಣು, ಕಲ್ಲು ಬೆರೆತಿದೆ."

"ಕೈಯಾಗ್ ಇಸುಕಿದ್ರೆ ಉಂಡೆ ಆಯ್ತದಾ, ಉದುರ್ತದಾ?"

ನಾನು ಹಿಸುಕಿ ನೋಡಿರಲಿಲ್ಲ. ಮಣ್ಣು ಹಿಸುಕುವುದು ಮೇಜರನ ಕೆಲಸವೆಂದು ಯಾವ ತರಬೇತಿಯಲ್ಲೂ ಹೇಳಿರಲಿಲ್ಲ. "ಉದುರಬಹುದು" ಎಂದೆ.

"ಗೋಡೆ ಎಂಗ್ ಕಡ್ದಿದ್ದೀರಿ?"

"ನೆಟ್ಟಗೆ."

"ನೆಟ್ಟಗ್ ಬಿಡ್‌ಬ್ಯಾಡ. ಓರೆ ಕೊಡು. ಮೇಲ್ಗಡೆ ಅಗ್ಲ, ಕೆಳಗಡೆ ಸಣ್ಣ. ನೀರ್ ಕುಡುದ್ ಮಣ್ಣು ಯಾರ್ ಮಾತೂ ಕೇಳಾಕಿಲ್ಲ ಕಣಪ್ಪ."

ಅಪ್ಪ, ಮೇಲೆ ಅಗಲ ಮಾಡಿದರೆ ಶೆಲ್ಲಿನ ಚೂರುಗಳು ಒಳಗೆ ಬರುತ್ತವೆ, ಕಂದಕ ಎಷ್ಟು ಕಿರಿದೋ ಅಷ್ಟು ಒಳ್ಳೆಯದು ಎಂದು ನಾನು ವಿವರಿಸಿದೆ. ಬಾವಿ ತೋಡುವವನಿಗೆ ಮೇಲಿಂದ ಯಾರೂ ಬಾಂಬು ಹಾಕುವುದಿಲ್ಲವಲ್ಲ ಎಂದೂ ಸೇರಿಸಿದೆ. ಅಷ್ಟರಲ್ಲಿ ಫೋನಿನ ನಿಮಿಷಗಳು ಮುಗಿದವು.

ಮಾತು ಮನಸ್ಸಿನಲ್ಲಿ ಉಳಿದಿತ್ತು. ಮರುದಿನ ಮಣ್ಣನ್ನು ಹಿಸುಕಿದೆ. ಉದುರಿತು. ಸುಬೇದಾರರನ್ನು ಕರೆದೆ. ಅವರು ಉತ್ತರಾಖಂಡದ ಗಢ್ವಾಲ್ ಕಡೆಯವರು, ನನಗಿಂತ ಹನ್ನೆರಡು ವರ್ಷ ದೊಡ್ಡವರು, ನನ್ನ ಪ್ರಶ್ನೆಗಳಿಗೆ ಮೊದಲು "ಜೀ ಸಾಬ್" ಎಂದು ಆಮೇಲೆ ತಮಗೆ ಸರಿ ಕಂಡದ್ದನ್ನು ಹೇಳುವವರು.

"ಜೀ ಸಾಬ್, ಓರೆ ಕೊಡಬಹುದು. ಮಣ್ಣಿನಿಂದ ಉಳಿಯುತ್ತೇವೆ. ಶೆಲ್ಲು ಬಂದರೆ ಅದರಿಂದ ಉಳಿಯುವುದಿಲ್ಲ. ಎರಡರಲ್ಲಿ ಯಾವುದು ಮೊದಲು ಬರುತ್ತದೆ ಅಂತ ಸಾಬ್ ಹೇಳಿದರೆ ಹಾಗೆ ಮಾಡಿಸುತ್ತೇನೆ."

ಯಾವುದು ಮೊದಲು ಬರುತ್ತದೆ ಎಂದು ನನಗೆ ಹೇಗೆ ಗೊತ್ತು? ಗೊತ್ತಿರುವವನ ಮುಖ ಮಾಡಿಕೊಂಡು, ಹಾಗೇ ಇರಲಿ, ತೀರಾ ಸಡಿಲವಾದ ಕಡೆ ದಿಮ್ಮಿ ಕೊಡಿಸಿ ಎಂದೆ. ಇದ್ದ ದಿಮ್ಮಿಗಳು ಅರ್ಧ ಕಂದಕಕ್ಕೂ ಸಾಲಲಿಲ್ಲ. ಉಳಿದದ್ದಕ್ಕೆ ಕೆಳಗಿನ ಶಿಬಿರಕ್ಕೆ ಬೇಡಿಕೆ ಕಳಿಸಿದೆ.

ಎರಡು ವಾರಕ್ಕೆ ಒಪ್ಪಂದ ಮುರಿಯಿತು. ಯಾರು ಮುರಿದರು ಎಂಬುದಕ್ಕೆ ಎರಡೂ ಕಡೆಯ ಟೀವಿಗಳಲ್ಲಿ ಖಚಿತ ಉತ್ತರಗಳಿದ್ದವು. ಮೂರು ದಿನ, ಬೆಳಗಿನ ಜಾವದಿಂದ ಸಂಜೆಯವರೆಗೆ, ಬಿಟ್ಟು ಬಿಟ್ಟು ಶೆಲ್ಲುಗಳು ಬಿದ್ದವು. ಶೆಲ್ಲು ಬೀಳುವಾಗ ಮಾಡುವುದಕ್ಕೆ ಕೆಲಸವೇನೂ ಇರುವುದಿಲ್ಲ. ಅದನ್ನು ಯಾರೂ ಹೇಳುವುದಿಲ್ಲ. ಗುಂಡಿಯ ತಳದಲ್ಲಿ ಮಂಡಿ ಎದೆಗೆ ಸೇರಿಸಿ ಕೂರುತ್ತೀರಿ. ಕಿವಿಯೊಳಗೆ, ಹಲ್ಲಿನ ಸಂದಿಯಲ್ಲಿ, ರೆಪ್ಪೆಯ ಮೇಲೆ ಮಣ್ಣು. ಭಯವಾಗುತ್ತದೆ. ಸ್ವಲ್ಪ ಹೊತ್ತಿಗೆ ಭಯಪಟ್ಟೂ ಪಟ್ಟೂ ಬೇಜಾರಾಗುತ್ತದೆ. ನನ್ನ ಪಕ್ಕದಲ್ಲಿದ್ದ ನಾಯಕ್ ದರ್ಜೆಯ ಸಿಪಾಯಿ ಒಬ್ಬ, ಸಣಕಲು ದೇಹದ ಮೂವತ್ತರ ಆಸುಪಾಸಿನ ಮನುಷ್ಯ, ಆ ಮೂರು ದಿನವೂ ಮಾತಾಡಿದ್ದು ಚಹಾದ ವಿಷಯ ಮಾತ್ರ. ಅಡುಗೆಯವರು ಸೀಮೆಎಣ್ಣೆ ಅಳೆಯುವ ಡಬ್ಬಿಯಲ್ಲೇ ಚಹಾದ ನೀರು ಅಳೆಯುತ್ತಾರೆ ಎಂಬುದು ಅವನ ದೂರು. ನಾನು ಕಂಪನಿ ಕಮಾಂಡರ್ ಆಗಿರುವುದರಿಂದ ಇದನ್ನು ವಿಚಾರಿಸಬೇಕು ಎಂದ. ವಿಚಾರಿಸುತ್ತೇನೆ ಎಂದು ಮಾತು ಕೊಟ್ಟೆ.

ಮೂರು ದಿನದಲ್ಲಿ ನಮ್ಮಲ್ಲಿ ಒಬ್ಬನಿಗೂ ಚೂರು ತಾಗಲಿಲ್ಲ. ಕಿರಿದಾದ ಕಂದಕ ನಮ್ಮೆಲ್ಲರನ್ನೂ ಉಳಿಸಿತ್ತು. ನಾಲ್ಕನೆಯ ದಿನ ಎಲ್ಲ ಶಾಂತವಾಯಿತು, ಸಣ್ಣಗೆ ಮಳೆ ಹಿಡಿಯಿತು. ಭಾನುವಾರ ಫೋನಿನಲ್ಲಿ ಅಪ್ಪನಿಗೆ ಹೇಗೆ ಹೇಳಬೇಕೆಂದು ಮನಸ್ಸಿನಲ್ಲೇ ಜೋಡಿಸಿಕೊಳ್ಳುತ್ತಾ, ಹಾನಿ ನೋಡಲು ಕಂದಕದುದ್ದಕ್ಕೂ ಹೊರಟೆ. ನೋಡಿದ್ಯಾ ಅಪ್ಪ, ನೆಟ್ಟಗಿನ ಗೋಡೆಯೇ ಸರಿ. ಹೀಗೆ ಶುರು ಮಾಡಬೇಕೆಂದಿದ್ದೆ. ಮುಂದೆ ಆ ನಾಯಕ್ ಹೋಗುತ್ತಿದ್ದ. ಅವನು ಗಿಡ್ಡ, ಬಗ್ಗಬೇಕಾಗಿರಲಿಲ್ಲ, ಹಾಗಾಗಿ ಸರಸರ ಹೋಗುತ್ತಿದ್ದ.

ಸದ್ದೇ ಆಗಲಿಲ್ಲ. ಬಲಗಡೆಯ ಗೋಡೆ ಇದ್ದ ಹಾಗೇ ಸರಿದು ಬಂತು, ಬಸ್ಸಿನಲ್ಲಿ ಪಕ್ಕದವರು ನಿದ್ದೆಯಲ್ಲಿ ನಮ್ಮ ಮೇಲೆ ವಾಲುವ ಹಾಗೆ. ಮರುಕ್ಷಣ ನನಗೆ ಎದೆಯವರೆಗೆ ಮಣ್ಣು. ಉಸಿರು ಬಿಡಬಹುದಿತ್ತು, ತೆಗೆದುಕೊಳ್ಳಲು ಆಗುತ್ತಿರಲಿಲ್ಲ. ನಾಯಕ್ ಇದ್ದ ಜಾಗದಲ್ಲಿ ನೆಲ ಸಮವಾಗಿತ್ತು. ಸುಬೇದಾರರು ಗುದ್ದಲಿ ಬೇಡ, ತಾಗೀತು ಎಂದು ಕೂಗುತ್ತಾ ಕೈಯಿಂದ, ಊಟದ ತಟ್ಟೆಗಳಿಂದ ಮಣ್ಣು ತೆಗೆಸಿದರು. ಮೊದಲು ಅವನನ್ನು ತೆಗೆಯಿರಿ ಎಂದು ನಾನು ಹೇಳಿದೆನೋ, ಹೇಳಿದೆನೆಂದು ಆಮೇಲೆ ಅಂದುಕೊಂಡೆನೋ, ನನಗೆ ತಿಳಿಯದು. ಅವನು ಸಿಗುವ ಹೊತ್ತಿಗೆ ತಡವಾಗಿತ್ತು. ಮೈಮೇಲೆ ಒಂದು ಗಾಯವೂ ಇರಲಿಲ್ಲ.

ನನಗೆ ಮೂರು ಪಕ್ಕೆಲುಬು, ಒಂದು ಭುಜದ ಮೂಳೆ ಮುರಿದಿದ್ದವು. ಸ್ಟ್ರೆಚರಿನ ಮೇಲೆ ಮಲಗಿದ್ದಾಗಲೇ ಸಾವಿನ ವರದಿಯ ಕಾಗದ ಬಂತು. ಸಾವು ಶತ್ರುವಿನ ಕ್ರಿಯೆಯಿಂದ ಆದದ್ದೋ ಅಲ್ಲವೋ ಎಂಬ ಒಂದು ಕಲಮಿತ್ತು. ನಾನು ಬಾಯಿ ತೆರೆಯುವ ಮೊದಲೇ ಸುಬೇದಾರರು ಬರೆಯುವವನಿಗೆ ಹೇಳಿದರು: "ಮೂರು ದಿನ ಗೋಡೆ ಅಲ್ಲಾಡಿಸಿದ್ದು ಯಾರು? ಶತ್ರುವೇ ಅಂತ ಬರಿ." ಅವರು ಹೇಳಿದ್ದು ಸುಳ್ಳಲ್ಲ. ಆ ನಾಯಕ್‌ನ ಹೆಂಡತಿ ಮಕ್ಕಳ ಪಿಂಚಣಿಗೆ ಹಾಗೆ ಬರೆದದ್ದೇ ಒಳ್ಳೆಯದಾಯಿತು, ತಿಂಗಳುಗಳ ನಂತರ ಮೇಲಿನವರೂ ಅದನ್ನೇ ಒಪ್ಪಿದರು. ಹೀಗೆ, ಹಿಸುಕಿದರೆ ಉದುರುವ ಮಣ್ಣನ್ನು ಹಿಸುಕಿ ನೋಡಿಯೂ ಬಿಟ್ಟವನು ನಾನು, ಅದರ ಪೂರ್ಣ ಶ್ರೇಯಸ್ಸು ಸರ್ಕಾರಿ ದಾಖಲೆಯಲ್ಲಿ ಶತ್ರುವಿಗೆ ಸೇರಿತು. ದಿಮ್ಮಿಗಳು ನಾನು ಕೆಳಗಿಳಿದ ಮರುವಾರ ಮೇಲೆ ಹೋದವಂತೆ.

ಮೇ ತಿಂಗಳಿಗೆ ನನ್ನನ್ನು ಬೆಂಗಳೂರಿಗೆ ಕಳಿಸಿದರು. ಸೈನ್ಯದ ಆಸ್ಪತ್ರೆಯಲ್ಲಿ ಕೆಲವು ದಿನ, ಆಮೇಲೆ ಮನೆಯಲ್ಲಿ ಆರು ವಾರ ವಿಶ್ರಾಂತಿ. ಆಸ್ಪತ್ರೆಯ ಗಾಡಿ ಹೆಬ್ಬಾಳದ ಮೇಲ್ಸೇತುವೆ ಇಳಿದು ಕೊಡಿಗೇಹಳ್ಳಿಯ ಕಡೆ ತಿರುಗಿದಾಗ ಸರ್ಕಲ್ಲಿನಲ್ಲಿ ನನಗೆ ನಾನೇ ಕಂಡೆ, ಇಪ್ಪತ್ತು ಅಡಿ ಎತ್ತರ ಇದ್ದೆ. ಫ್ಲೆಕ್ಸಿನಲ್ಲಿ ನಾನೊಂದು ಟ್ಯಾಂಕಿನ ಮೇಲೆ ನಿಂತಿದ್ದೆ. ನಾನು ಕಾಲಾಳು ಪಡೆಯವನು, ಟ್ಯಾಂಕು ಹತ್ತಿದವನಲ್ಲ. ಹಿಂದೆ ಬೆಂಕಿ, ಮುಂದೆ ಹುಲಿ. "ಶತ್ರುಗಳ ಗುಂಡಿಗೆ ಎದೆಯೊಡ್ಡಿದ ನಮ್ಮ ಊರಿನ ಹುಲಿಗೆ ಹೃತ್ಪೂರ್ವಕ ಸ್ವಾಗತ." ಕೆಳಗೆ ನನಗಿಂತ ದೊಡ್ಡ ಗಾತ್ರದಲ್ಲಿ ಕೈಮುಗಿದು ನಿಂತವನು ನನ್ನ ದೊಡ್ಡಪ್ಪನ ಮಗ. ನನಗಿಂತ ಎಂಟು ವರ್ಷ ದೊಡ್ಡವನು. ತೋಟ ಮಾರಿದ ಮೇಲೆ ಬಿಲ್ಡರ್ ಆಗಿದ್ದ, ಮುಂದಿನ ಚುನಾವಣೆಗೆ ವಾರ್ಡಿನಲ್ಲಿ ನಿಲ್ಲುವ ಯೋಚನೆಯಲ್ಲಿದ್ದ.

"ಅಣ್ಣ, ಗುಂಡಿಗೆ ಎದೆಯೊಡ್ಡಲಿಲ್ಲ ನಾನು. ಗುಂಡಿಯೊಳಗೆ ಬಿದ್ದೆ" ಎಂದೆ.

"ಅದೇ ಗುರು, ಗುಂಡಿ ಅಂತಾನೇ ಇದೆಯಲ್ಲ" ಎಂದ ಅವನು. "ಜನ ಅರ್ಥ ಮಾಡ್ಕೋತಾರೆ ಬಿಡು."

ನೋಡಲು ಬಂದವರು ಎಳನೀರು, ಬಾಳೆಹಣ್ಣು ತಂದು, ಮಂಚದ ಪಕ್ಕ ಕೂತು, ಎಷ್ಟು ಜನರನ್ನು ಹೊಡೆದೆ ಎಂದು ಕೇಳಿದರು. ಯಾರನ್ನೂ ಇಲ್ಲ, ಒಬ್ಬ ಹಲ್ಲುಜ್ಜುವುದನ್ನು ನೋಡಿದೆ ಎಂದರೆ ಅವರಿಗೆ ಬೇಸರವಾಗುತ್ತಿತ್ತು. ಹಾಗಾದರೆ ಇದು ಎಲ್ಲಿ ತಗುಲಿತು ಎಂದು ಕುತ್ತಿಗೆಗೆ ಕಟ್ಟಿದ ಬಟ್ಟೆಯ ಜೋಳಿಗೆಯಲ್ಲಿದ್ದ ನನ್ನ ಕೈ ತೋರಿಸುವರು. ಮಣ್ಣು ಕುಸಿಯಿತು ಎನ್ನುತ್ತಿದ್ದೆ. ಯಲಹಂಕದ ಅತ್ತೆಯೊಬ್ಬರು ಬಹಳ ಹೊತ್ತು ಯೋಚಿಸಿ, "ಹೋಗ್ಲಿ ಬಿಡಪ್ಪ, ಯಾರ ಹತ್ರಾನೂ ಹಂಗ್ ಹೇಳ್ಬೇಡ" ಎಂದು ತಲೆ ಸವರಿ ಹೋದರು.

ಅಪ್ಪ ಎಲ್ಲರೂ ಹೋಗುವವರೆಗೆ ಕಾದು ಒಂದು ಸಂಜೆ ಮಂಚದ ಹತ್ತಿರ ಕುರ್ಚಿ ಎಳೆದುಕೊಂಡರು.

"ಯಾವ್ ಮಗ್ಗುಲು ಬಂತು?"

"ಬಲಗಡೆ."

"ಮೇಲಿಂದಾನಾ, ನಡುವಿಂದಾನಾ?"

"ಪೂರ್ತಿ ಗೋಡೆ. ಒಟ್ಟಿಗೇ."

ಅವರು ತಲೆಯಾಡಿಸಿದರು, ಅಂಥದ್ದನ್ನು ಕಂಡವರ ಹಾಗೆ. "ಜೊತ್ಯಾಗ್ ಯಾರಿದ್ರು?"

"ಒಬ್ಬ ಇದ್ದ. ಹೋದ."

ನಾನು ಹೇಳಿದ್ದೆನಲ್ಲ ಎಂಬ ಮಾತಿಗಾಗಿ ಕಾದೆ. ಅದು ಬಂದಿದ್ದರೆ ಒಳ್ಳೆಯದಿತ್ತು, ನನ್ನ ಹತ್ತಿರ ಉತ್ತರ ತಯಾರಿತ್ತು: ಮೂರು ದಿನದ ಶೆಲ್ಲುಗಳು, ಉಳಿದ ಅಷ್ಟೂ ಜನ. ಅವರು ಎದ್ದು ಕುರ್ಚಿಯನ್ನು ಅದರ ಜಾಗಕ್ಕೆ ಇಟ್ಟು ಹೊರಗೆ ಹೋದರು.

ನಮ್ಮ ಮನೆಯಿಂದ ಎರಡು ಸೈಟು ಆಚೆ ಅಣ್ಣನ ಹೊಸ ಅಪಾರ್ಟ್‌ಮೆಂಟಿನ ಕೆಲಸ ಶುರುವಾಗಿತ್ತು. ನೆಲದಡಿಯ ಪಾರ್ಕಿಂಗಿಗೆ ಹದಿನಾಲ್ಕು ಅಡಿ ಅಗೆದಿದ್ದರು. ಮೇ ಕೊನೆಯ ವಾರ ಮಳೆ ಶುರುವಾಯಿತು, ಸಂಜೆ ಸಂಜೆ ಸುರಿಯುವ ಮಳೆ. ಒಂದು ಬೆಳಿಗ್ಗೆ ನಡೆದಾಡುತ್ತಾ ಅಲ್ಲಿಗೆ ಹೋದೆ. ರಸ್ತೆಯ ಪಕ್ಕದ ಮಣ್ಣನ್ನು ಬೆಣ್ಣೆ ಕತ್ತರಿಸಿದ ಹಾಗೆ ನೆಟ್ಟಗೆ ಕಡಿದಿದ್ದರು. ಅಂಚಿನಲ್ಲಿ ಕಬ್ಬಿಣದ ರಾಶಿ, ಅದರ ಪಕ್ಕ ನೀರಿನ ಟ್ಯಾಂಕರು. ಕೆಳಗೆ ಆರು ಜನ ಕಂಬಿ ಕಟ್ಟುತ್ತಿದ್ದರು. ಮಣ್ಣು ಯಾವುದೆಂದು ನೋಡಲು ಬಗ್ಗಿದೆ. ನನ್ನ ಕಾಲುಗಳು ಹಿಂದಕ್ಕೆ ಬಂದವು.

ಮೇಜರನ ದನಿ ಇನ್ನೂ ಉಳಿದಿತ್ತು. ಎಲ್ಲರೂ ಮೇಲೆ ಬನ್ನಿ ಎಂದು ಹಿಂದಿಯಲ್ಲಿ ಕೂಗಿದೆ. ಅವರು ಬಂದರು. ಅಣ್ಣನೂ ಬಂದ.

"ಏನ್ ಗುರು, ಬೆಳಿಗ್ಗೆ ಬೆಳಿಗ್ಗೆ ನನ್ ಕೆಲ್ಸ ನಿಲ್ಲಿಸ್ಬಿಟ್ಟೆ?"

"ಅಣ್ಣ, ಈ ಗೋಡೆ ಬೀಳುತ್ತೆ. ಓರೆ ಕೊಡಿಸು, ಇಲ್ಲ ಆಸರೆ ಕೊಡಿಸು. ಟ್ಯಾಂಕರ್ ಅಂಚಿಂದ ತೆಗೆಸು."

"ಇಂಜಿನಿಯರ್ ನೋಡಿದ್ದಾರೆ ಕಣೋ. ಓರೆ ಕೊಟ್ರೆ ಮೂರಡಿ ಜಾಗ ರಸ್ತೆಗೆ ಹೋಗುತ್ತೆ. ಇದೇನ್ ಬಾರ್ಡರಾ?" ಅವನು ನನ್ನ ಒಳ್ಳೆಯ ಭುಜದ ಮೇಲೆ ಕೈ ಹಾಕಿ, ಸುತ್ತ ನೆರೆದವರಿಗೆ ಕೇಳುವಂತೆ, ಆದರೆ ಪ್ರೀತಿಯಿಂದಲೇ ಹೇಳಿದ: "ಪಾಪ, ಅಲ್ಲಿ ನೋಡ್ಬಾರದ್ದನ್ನೆಲ್ಲ ನೋಡ್ಕೊಂಡ್ ಬಂದಿದಾನೆ. ರೆಸ್ಟ್ ತಗೊಳ್ಳೋ."

ಆರು ಜನ ನನ್ನ ಮುಖ, ಅವನ ಮುಖ ನೋಡಿ ಏಣಿ ಇಳಿದರು.

ಮನೆಗೆ ಬಂದು ಅಪ್ಪನಿಗೆ ಹೇಳಿದೆ. ಅವರು ತಿಂಡಿ ತಿನ್ನುತ್ತಿದ್ದರು. ಮುಗಿಸಿ, ಕೈತೊಳೆದು, ಟವಲು ಹೆಗಲಿಗೆ ಹಾಕಿಕೊಂಡು ಹೊರಟರು. ಆಗ ಅವರಿಗೆ ಎಪ್ಪತ್ತೆಂಟು. ನಾನು ಹಿಂದೆ ಹಿಂದೆ ಹೋದೆ. ಅವರು ಅಣ್ಣನ ಹತ್ತಿರ ಒಂದು ಮಾತೂ ಆಡಲಿಲ್ಲ. ಏಣಿಯ ಹತ್ತಿರ ಚಪ್ಪಲಿ ಬಿಟ್ಟು, ಪಂಚೆ ಮೇಲೆ ಕಟ್ಟಿ, ಒಂದೊಂದೇ ಮೆಟ್ಟಿಲು ಇಳಿದು, ರಸ್ತೆಯ ಕಡೆಯ ಗೋಡೆಯ ಬುಡದಲ್ಲಿದ್ದ ಸಿಮೆಂಟು ಮೂಟೆಯ ಮೇಲೆ ಕೂತರು.

"ಚಿಕ್ಕಪ್ಪ, ಅಲ್ಲೇನ್ ಮಾಡ್ತಿದ್ದೀರಿ? ಮೇಲ್ ಬನ್ನಿ" ಎಂದ ಅಣ್ಣ.

"ಇಲ್ ತಂಪಾಗೈತೆ."

"ಚಿಕ್ಕಪ್ಪ, ಮಳೆ ಬಂದ ಮಣ್ಣು, ಯಾಕ್ ಸುಮ್ನೆ..."

"ಇಂಜಿನಿಯರ್ ನೋಡವ್ರಂತಲ್ಲ," ಎಂದರು ಅಪ್ಪ. "ನಾನೂ ನೋಡ್ತಾ ಕೂತಿರ್ತೀನಿ. ನೀನ್ ಕೆಲ್ಸ ಮಾಡ್ಸು."

ಅಣ್ಣ ಅಂಚಿನಲ್ಲಿ ಅತ್ತಿಂದಿತ್ತ ನಡೆದ. ಆರು ಜನ ಕೆಲಸ ಮಾಡುವಾಗ ಗಟ್ಟಿಯಾಗಿದ್ದ ಗೋಡೆ, ಏಳನೆಯವರಾಗಿ ಚಿಕ್ಕಪ್ಪ ಕೂತ ಕೂಡಲೇ ಅವನ ಕಣ್ಣಿಗೆ ಸಡಿಲವಾಗಿ ಕಾಣತೊಡಗಿತು. ಮೊದಲು ಟ್ಯಾಂಕರು ತೆಗೆಸಿದ. ಆಮೇಲೆ ಕಬ್ಬಿಣದ ರಾಶಿ. ಅಪ್ಪ ಏಳಲಿಲ್ಲ. ಅಣ್ಣ ನನ್ನ ಕಡೆ ತಿರುಗಿ, "ನೀನಾದ್ರೂ ಇಳ್ದು ಕರ್ಕೊಂಡ್ ಬಾ ಮಾರಾಯಾ" ಎಂದ. ನಾನು ಜೋಳಿಗೆಯ ಕೈ ತೋರಿಸಿದೆ. ಒಂದು ಕೈಯಲ್ಲೂ ಇಳಿಯಬಹುದಾದ ಏಣಿ ಅದು. ಅಪ್ಪ ಕೆಳಗಿನಿಂದ ನನ್ನನ್ನೊಮ್ಮೆ ನೋಡಿ ಬೇರೆ ಕಡೆ ನೋಡಿದರು.

ಎರಡು ಗಂಟೆ ಹೀಗೇ ಹೋಯಿತು. ಕೆಲಸದವರಲ್ಲೊಬ್ಬ ಅಪ್ಪನಿಗೆ ಚಹಾ ಕೊಟ್ಟ. ಕೊನೆಗೆ ಅಣ್ಣ ಫೋನು ಮಾಡಿ ಜೆಸಿಬಿ ಕರೆಸಿದ. ಅದು ಬಂದು ಬಾಗಿಲಲ್ಲಿ ನಿಂತ ಮೇಲೆಯೇ ಅಪ್ಪ, ಮೊದಲು ಆ ಆರು ಜನರನ್ನು ಹತ್ತಿಸಿ, ತಾವು ಹತ್ತಿದರು. ಸಂಜೆಯ ಹೊತ್ತಿಗೆ ಮೇಲಿನ ಅಂಚನ್ನು ಓರೆಯಾಗಿ ಕತ್ತರಿಸಿದ್ದರು, ಮರುದಿನ ತಗಡು ಮತ್ತು ಕಬ್ಬಿಣದ ಆಸರೆ ಬಂತು. ಆ ವಾರವೆಲ್ಲ ಮಳೆ ಹೊಡೆಯಿತು. ಗೋಡೆ ಬೀಳಲಿಲ್ಲ. ಹೇಗಿದ್ದರೂ ಅದು ಬೀಳುತ್ತಿರಲಿಲ್ಲ ಎಂದು ಅಣ್ಣ ಈಗಲೂ ಹೇಳುತ್ತಾನೆ. ಇರಬಹುದು. ಕಟ್ಟಡ ಎದ್ದಿತು, ಜನ ಬಂದು ಸೇರಿದರು, ಅಣ್ಣ ವಾರ್ಡಿನಲ್ಲಿ ನಿಂತು ಸೋತ.

ಅಪ್ಪ ಹತ್ತಿ ಬಂದ ದಿನ ಸಂಜೆ ಅವರ ಮಂಡಿ ಊದಿತ್ತು. ಅಮ್ಮ ಬೈಯುತ್ತಲೇ ಎಣ್ಣೆ ಕಾಯಿಸಿ ತಂದುಕೊಟ್ಟು ಒಳಗೆ ಹೋದರು. ಜಗಲಿಯ ಮೇಲೆ ನಾನು ಒಂದೇ ಕೈಯಲ್ಲಿ ಅವರ ಮಂಡಿಗೆ ಎಣ್ಣೆ ತಿಕ್ಕಿದೆ.

"ನೀನ್ಯಾಕಪ್ಪ ಇಳಿಯೋಕೆ ಹೋದೆ? ನನಗೆ ಹೇಳಿದ್ರೆ ನಾನು ಹೇಗಾದ್ರೂ ಮಾಡ್ತಿದ್ದೆ" ಎಂದೆ.

"ನಿನ್ ಕೈಲಿ ಆಗಾಕಿಲ್ಲ ಅಂತ ಗೊತ್ತಿತ್ತು," ಎಂದರು ಅವರು. ಅದರಲ್ಲಿ ಆಕ್ಷೇಪಣೆಯಿರಲಿಲ್ಲ. "ನಂಗೂ ಒಂದ್ ವರ್ಸ ಇಳಿಯಾಕ್ ಆಗ್ತಿರ್ಲಿಲ್ಲ."

ಯಾವಾಗ ಎಂದು ಕೇಳಿದೆ. ಅಮೃತಹಳ್ಳಿಯ ಕಡೆ ಒಂದು ಬಾವಿ ಎಂದರು. ಜೊತೆಗೆ ಇನ್ನೊಬ್ಬರಿದ್ದರು, ಗೋಡೆ ಕುಸಿದ ಮೇಲೆ ಅವರು ಹತ್ತಿ ಬರಲಿಲ್ಲ ಎಂದರು. ನಾನು ಹುಟ್ಟುವ ಮುಂಚಿನ ಮಾತಂತೆ. ಅವರು ಅದನ್ನು ಅಷ್ಟು ವರ್ಷ ಯಾರಿಗೂ ಹೇಳಿರಲಿಲ್ಲ, ಅಮ್ಮನಿಗೂ. ನಾನು ಎಣ್ಣೆ ತಿಕ್ಕುತ್ತಲೇ, ಸೀಮೆಎಣ್ಣೆ ವಾಸನೆಯ ಚಹಾದ ಬಗ್ಗೆ ದೂರು ಹೇಳಿದವನ ವಿಷಯ ಮೊದಲಿನಿಂದ ಹೇಳತೊಡಗಿದೆ. ಅಪ್ಪ ಪೂರ್ತಿ ಕೇಳಿಸಿಕೊಂಡರು, ನಡುವೆ ಒಮ್ಮೆ ಮಾತ್ರ, ಇನ್ನೊಂದು ಮಂಡಿಯನ್ನು ಮುಂದೆ ಚಾಚಲು, ತಡೆದರು.